ಪ್ಲಾಸ್ಟರ್ ರೂಮಿನ ಮಕ್ಕಳು ತಡವಾಗಿ ನಡೆಯುತ್ತವೆ

ಹೋದ ತಿಂಗಳು ಇಬ್ಬರು ಹೊಸ ನರ್ಸ್ ಹುಡುಗಿಯರು ನನ್ನ ಮನೆ ಹುಡುಕಿಕೊಂಡು ಬಂದರು. ನಾನಿದ್ದ ಆಸ್ಪತ್ರೆಗೇ ಸೇರಿದ್ದಾರೆ, ಇಬ್ಬರನ್ನೂ ಪ್ಲಾಸ್ಟರ್ ರೂಮಿಗೆ ಹಾಕಿದ್ದಾರೆ. ಮುಖ ನೋಡಿದರೆ ಯಾರೋ ಶಿಕ್ಷೆ ಕೊಟ್ಟ ಹಾಗಿತ್ತು. "ಮೇಡಂ, ಬೆಳಗಿಂದ ಸಂಜೆವರ್ಗೂ ಬರೀ ಸುಣ್ಣ, ಬರೀ ಮಕ್ಕಳ ಅಳು. ನೀವು ಅಷ್ಟು ವರ್ಷ ಹೆಂಗಿದ್ರಿ ಅಲ್ಲಿ?" ಎಂದು ಕೇಳಿದರು. ಕಾಫಿ, ಕೋಡುಬಳೆ ಕೊಟ್ಟು, "ಅಭ್ಯಾಸ ಆಗುತ್ತೆ ಹೋಗ್ರೇ" ಅಂದುಬಿಟ್ಟೆ. ಅವರು ಗೇಟು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಅಷ್ಟು ದೂರದಿಂದ ಬಂದು ಕೇಳಿದ ಮಕ್ಕಳಿಗೆ ಅದೂ ಒಂದು ಉತ್ತರವೇ? ಅದಕ್ಕೆ ಈಗ ಸಮಾಧಾನವಾಗಿ ಕೂತು ಬರೆಯುತ್ತಿದ್ದೇನೆ.

ಯಾವಾಗ ಕೆಲಸಕ್ಕೆ ಸೇರಿದೆ, ಯಾವಾಗ ಹೆಡ್ ನರ್ಸ್ ಆದೆ, ಬೀಳ್ಕೊಡುಗೆಗೆ ಎಂಥಾ ಶಾಲು ಹೊದಿಸಿದರು, ಅದೆಲ್ಲ ಇಲ್ಲಿ ಬೇಡ. ಶಾಲನ್ನು ನಮ್ಮ ಯಜಮಾನರು ಚಳಿಗಾಲದಲ್ಲಿ ಹೊದೆಯುತ್ತಾರೆ, ಚೆನ್ನಾಗಿದೆ. ನಾನು ಹೇಳಬೇಕಾಗಿರುವುದು ನಾನು ಮಾಡಿದ ತಪ್ಪುಗಳನ್ನು, ಮತ್ತು ಅವುಗಳನ್ನು ತಿದ್ದಿದವರನ್ನು.

ನಮ್ಮದು ದೊಡ್ಡಬಳ್ಳಾಪುರಕ್ಕೂ ದೇವನಹಳ್ಳಿಗೂ ನಡುವೆ ಇರುವ ಒಂದು ಸಣ್ಣ ಧರ್ಮಾಸ್ಪತ್ರೆ. ನಾನು ಮೊದಲು ಪ್ಲಾಸ್ಟರ್ ರೂಮಿಗೆ ಹೋದ ದಿನವೇ ಒಂದು ಅವಾಂತರ ಮಾಡಿದೆ. ನೀರು ತಣ್ಣಗಿದ್ದರೆ ಮಗುವಿಗೆ ಚಳಿಯಾಗುತ್ತದೆಂದು ಚೆನ್ನಾಗಿ ಕಾಯಿಸಿದ ನೀರಿಗೆ ಪ್ಲಾಸ್ಟರ್ ಪಟ್ಟಿಯ ಸುರುಳಿ ಅದ್ದಿದೆ. ಬಿಸಿನೀರಲ್ಲಿ ಪ್ಲಾಸ್ಟರ್ ಬೇಗ ಗಟ್ಟಿಯಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಸುತ್ತಲು ಶುರು ಮಾಡುವಷ್ಟರಲ್ಲಿ ಸುರುಳಿ ಕೈಯಲ್ಲೇ ಕಲ್ಲಾಯಿತು. ನಮ್ಮ ದೊಡ್ಡ ಡಾಕ್ಟರು ಅದನ್ನು ಇಸಿದುಕೊಂಡು ಮೇಜಿಗೆ ಟಕಟಕ ಕುಟ್ಟಿ, "ಸರೋಜಮ್ಮ, ಇದನ್ನ ಮನೆಗೆ ತಗೊಂಡ್ಹೋಗಿ. ಚಟ್ನಿ ಅರೆಯೋಕೆ ಆಗುತ್ತೆ" ಎಂದರು. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವಳು. ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬೆಳೆದ ಕೈ ನನ್ನದು. ಒಂದೇ ಹದದಲ್ಲಿ, ಎಳೆಯದೆ, ಸಡಿಲವೂ ಬಿಡದೆ ಸುತ್ತುವುದು ನನಗೆ ಬೇಗ ಬಂತು. ನೀರಿನ ಹದ ಕಲಿಯಲು ಮಾತ್ರ ಎರಡು ತಿಂಗಳು ಹಿಡಿಯಿತು.

ಬುಧವಾರ ಸೊಟ್ಟ ಪಾದದ ಮಕ್ಕಳ ದಿನ. ಹುಟ್ಟುವಾಗಲೇ ಪಾದ ಒಳಕ್ಕೆ ತಿರುಗಿ, ಹಿಮ್ಮಡಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ನಾನು ಸೇರಿದ ಕಾಲದಲ್ಲಿ ಅದಕ್ಕೆ ದೊಡ್ಡ ಆಪರೇಷನ್ನೇ ಗತಿ. ದೊಡ್ಡ ಡಾಕ್ಟರ ಕೈ ಒಳ್ಳೆಯ ಕೈ, ಪಾದ ನೇರವಾಗುತ್ತಿತ್ತು. ಆದರೆ ಬೆಳೆಯುತ್ತಾ ಕೆಲವು ಮಕ್ಕಳ ಪಾದ ಮರದ ಹಲಗೆಯ ಹಾಗೆ ಬಿಗಿಯಾಗುತ್ತಿತ್ತು. ವಿಮಾನ ನಿಲ್ದಾಣದ ಕೆಲಸ ಶುರುವಾಗಿ, ನಮ್ಮ ರಸ್ತೆಯಲ್ಲಿ ಹಗಲೂ ರಾತ್ರಿ ಲಾರಿ ಓಡಾಡುತ್ತಿದ್ದ ದಿನಗಳಲ್ಲಿ ಡಾಕ್ಟರ್ ಮಾಲತಿ ಬಂದರು. ವಯಸ್ಸು ನನ್ನ ತಂಗಿಯಷ್ಟು. ಅವರು ತಂದದ್ದು ಹೊಸ ಕ್ರಮ. ಹುಟ್ಟಿದ ವಾರಗಳಲ್ಲೇ ಎಳೆಯ ಪಾದವನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸುವುದು, ತಿರುಗಿದಷ್ಟಕ್ಕೆ ತೊಡೆವರೆಗೆ ಪ್ಲಾಸ್ಟರ್ ಹಾಕುವುದು, ಮುಂದಿನ ಬುಧವಾರ ಬಿಚ್ಚಿ ಇನ್ನಷ್ಟು ತಿರುಗಿಸುವುದು. ಐದಾರು ವಾರವಾದ ಮೇಲೆ ಹಿಮ್ಮಡಿಯ ನರದಲ್ಲಿ ಒಂದು ಸಣ್ಣ ಗೀರು, ಕೊನೆಯ ಪ್ಲಾಸ್ಟರು, ಅಷ್ಟೆ. ಆಮೇಲೆ ಬೂಟು. ಎರಡು ಪುಟ್ಟ ಬೂಟುಗಳ ನಡುವೆ ಒಂದು ಕಬ್ಬಿಣದ ಪಟ್ಟಿ. ಮೂರು ತಿಂಗಳು ಹಗಲೂ ರಾತ್ರಿ, ಆಮೇಲೆ ನಾಲ್ಕು ವರ್ಷದವರೆಗೆ ಮಲಗಿದಾಗ. ಈ ಬೂಟು ಹಾಕದಿದ್ದರೆ ಪಾದ ತನ್ನ ಹಳೇ ದಾರಿಗೇ ಹೋಗುತ್ತದೆ.

ದೊಡ್ಡ ಡಾಕ್ಟರು ಒಂದು ತಿಂಗಳು ಬುಧವಾರ ಆ ಕಡೆ ತಲೆ ಹಾಕಲಿಲ್ಲ. ಐದನೇ ಬುಧವಾರ ಸದ್ದಿಲ್ಲದೆ ಬಂದು, ಸ್ಟೂಲು ಎಳೆದುಕೊಂಡು ಕೂತು, "ಹೆಬ್ಬೆರಳು ಎಲ್ಲಿ ಒತ್ತುತ್ತೀಯಮ್ಮ, ತೋರಿಸು" ಎಂದರು. ನಿವೃತ್ತಿ ಹತ್ತಿರ ಬಂದಿದ್ದ ಮನುಷ್ಯ, ಮಗಳ ವಯಸ್ಸಿನ ಡಾಕ್ಟರ ಮುಂದೆ ವಿದ್ಯಾರ್ಥಿಯ ಹಾಗೆ ಕೈ ಒಡ್ಡಿ ಕಲಿತರು. ಹೊರಗೆ ಬಂದು ನನಗೆ, "ಇಷ್ಟು ವರ್ಷ ಕೊಯ್ದುಬಿಟ್ಟೆನಲ್ಲ ಸರೋಜಮ್ಮ" ಎಂದರು. ಇವತ್ತಿಗೂ ಅವರನ್ನು ನೆನೆದರೆ ಕೈ ಮುಗಿಯಬೇಕೆನಿಸುತ್ತದೆ.

ಹುಡುಗಿಯರೇ, ಕೆಲಸದ ಮಾತು ಒಂದೆರಡು ಹೇಳಿಬಿಡುತ್ತೇನೆ. ಪ್ಲಾಸ್ಟರ್ ಹಾಕುವಾಗ ಮಗು ಹಾಲು ಕುಡಿಯುತ್ತಿರಲಿ, ಹೊಟ್ಟೆ ತುಂಬುತ್ತಿರುವ ಮಗು ಕಾಲು ಸಡಿಲ ಬಿಡುತ್ತದೆ. ಬೆರಳ ತುದಿ ಕಾಣುತ್ತಿರಬೇಕು, ಒತ್ತಿ ಬಿಟ್ಟರೆ ಕೆಂಪು ತಿರುಗಿ ಬರಬೇಕು. ಒಂದು ಸಲ ಒಬ್ಬ ತಾಯಿ ಓಡಿ ಬಂದು, "ಸಿಸ್ಟರ್, ಮಗೀನ ಬೆರಳೆಲ್ಲ ಮಾಯ ಆಗೋಗವೆ!" ಎಂದು ಎದೆ ಹೊಡೆದುಕೊಂಡಳು. ನಾನು ಸಡಿಲವಾಗಿ ಸುತ್ತಿದ್ದರಿಂದ ಪ್ಲಾಸ್ಟರು ಜಾರಿ ಬೆರಳನ್ನು ನುಂಗಿತ್ತು. ಇನ್ನೊಂದು, ಬರುವ ದಿನ ಬೆಳಿಗ್ಗೆ ಬಕೆಟ್ಟಿನಲ್ಲಿ ನೆನೆಸಿ ಬಿಚ್ಚಿಕೊಂಡು ಬನ್ನಿ ಎಂದರೆ ಕೆಲವರು ಹಿಂದಿನ ದಿನವೇ ಬಿಚ್ಚಿಬಿಡುತ್ತಾರೆ. ಒಂದು ದಿನದಲ್ಲಿ ಅರ್ಧ ವಾರದ ಕೆಲಸ ಹಾಳು. ಬಿಡಿಸಿ ಹೇಳಿ, ಮತ್ತೆ ಅವರ ಬಾಯಲ್ಲೇ ಹೇಳಿಸಿ.

ಇನ್ನು ಚೈತ್ರಳ ಕತೆ. ಇದನ್ನು ಹೇಳಬೇಕೆಂದೇ ಬರೆಯಲು ಕೂತದ್ದು.

ವಿಮಾನ ಹಾರಲು ಶುರುವಾಗಿ ಒಂದು ವರ್ಷವಾಗಿತ್ತೇನೋ. ಕುಂದಾಣದ ಕಡೆಯ ಒಂದು ಹಳ್ಳಿಯಿಂದ ಶೋಭಾ ಎಂಬ ಚಿಕ್ಕ ಪ್ರಾಯದ ಬಾಣಂತಿ ಹದಿನೈದು ದಿನದ ಹೆಣ್ಣು ಮಗುವನ್ನು ಎತ್ತಿಕೊಂಡು ಬಂದಳು. ಬಸ್ಸಿನಲ್ಲಿ ಯಾರೂ ನೋಡಬಾರದೆಂದು ಮಗುವಿನ ಕಾಲಿಗೆ ಎರಡು ಸುತ್ತು ಸೆರಗು ಸುತ್ತಿದ್ದಳು. ಜೊತೆಯಲ್ಲಿ ಅತ್ತೆ, ಪಿಳ್ಳಮ್ಮ. ಗಟ್ಟಿ ಹೆಂಗಸು, ಗಟ್ಟಿ ದನಿ. ರೂಮಿಗೆ ಕಾಲಿಟ್ಟವಳೇ, "ಗ್ರಾಣದಲ್ಲಿ ಈಳಿಗೆ ಮುಟ್ಬ್ಯಾಡ ಅಂದೆ, ಕೇಳ್ಲಿಲ್ಲ ಇವಳು. ಈಗ ನೋಡಿ" ಎಂದಳು. ಶೋಭಾ ತಲೆ ಎತ್ತಲಿಲ್ಲ. ಗ್ರಹಣಕ್ಕೂ ಈಳಿಗೆಗೂ ಪಾದಕ್ಕೂ ಸಂಬಂಧವಿಲ್ಲ, ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ ಎಂದು ಡಾಕ್ಟರ್ ಮಾಲತಿ ಸಮಾಧಾನವಾಗಿ ತಿಳಿಸಿ ಹೇಳಿದರು. ಪಿಳ್ಳಮ್ಮ ಹೂಂ ಎಂದಳು. ಒಪ್ಪಿದ ಹೂಂ ಅಲ್ಲ ಅದು.

ಆರು ಬುಧವಾರ ತಪ್ಪದೆ ಬಂದರು. ಪಾದ ಹೇಳಿದ ಹಾಗೆ ಕೇಳಿತು. ಕೊನೆಯ ಪ್ಲಾಸ್ಟರು ಬಿಚ್ಚಿದಾಗ ಚೈತ್ರಳ ಎರಡೂ ಪಾದ ಹೊರಕ್ಕೆ ತಿರುಗಿ, ಮೆತ್ತಗೆ, ಗುಲಾಬಿ ಬಣ್ಣಕ್ಕೆ ಇದ್ದವು. ಶೋಭಾ ಆ ಪಾದಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಬೂಟು ತೊಡಿಸಿ ಬಕಲ್ಲು ಬಿಗಿಯುವುದನ್ನು ನಾನೇ ಕಲಿಸಿದೆ. ಡಾಕ್ಟರು ಪಕ್ಕದ ವಾರ್ಡಿಗೆ ಹೋಗಿದ್ದರು. ಆಗ ಅವಳು ಮೆಲ್ಲಗೆ ಕೇಳಿದಳು, "ಸಿಸ್ಟರ್, ನಡೀತಾಳಾ?"

ನನ್ನ ಬಾಯಿ ಸುಮ್ಮನಿರಬೇಕಲ್ಲ! "ನಡೀತಾಳಾ ಅಂತ ಕೇಳ್ತೀಯಲ್ಲೇ! ವರ್ಷ ತುಂಬೋ ಹೊತ್ಗೆ ಎಲ್ಲಾ ಮಕ್ಕಳ ಹಂಗೆ ತಟಪಟಾಂತ ನಡೀತಾಳೆ. ಬೇಕಾದ್ರೆ ಬರ್ಕೊಡ್ತೀನಿ" ಎಂದೆ. ಶೋಭಾಳ ಮುಖ ಅರಳಿತು. ಪಿಳ್ಳಮ್ಮ, "ಕೇಳಿಸ್ಕೊಂಡ್ಯಾ? ವರ್ಷಕ್ಕಂತೆ" ಎಂದು ಸೊಸೆಯ ಭುಜ ತಟ್ಟಿದಳು. ನನಗೂ ಖುಷಿಯಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೆಂದರೆ ಇದೇ ಎಂದು ಆಗ ಹೊಳೆಯಲಿಲ್ಲ.

ಮೊದಮೊದಲು ತಪಾಸಣೆಗೆ ಬರುತ್ತಿದ್ದರು. ಮಗು ಹತ್ತು ತಿಂಗಳಾದ ಮೇಲೆ ನಿಂತುಹೋಯಿತು. ಫೋನ್ ಮಾಡಿದರೆ ಶೋಭಾಳ ಗಂಡ ಮುನಿರಾಜು, "ಬರ್ತೀವಿ ಮೇಡಂ, ಶಿಫ್ಟು ಬದಲಾಗ್ಲಿ" ಎನ್ನುತ್ತಿದ್ದ. ಅವನು ವಿಮಾನ ನಿಲ್ದಾಣದಲ್ಲಿ ಲಗೇಜು ಏರಿಸುವ ಕೆಲಸದಲ್ಲಿದ್ದ. ಅವನ ಶಿಫ್ಟು ಬದಲಾಗುತ್ತಲೇ ಇತ್ತು, ಅವರು ಬರಲೇ ಇಲ್ಲ. ಮಗುವಿಗೆ ಹದಿನಾಲ್ಕು ತಿಂಗಳಾದಾಗ ನಾನೇ ಬಸ್ಸು ಹತ್ತಿದೆ.

ಭೂಮಿ ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಕಟ್ಟಿಸಿದ ಹೊಸ ತಾರಸಿ ಮನೆ. ಮುಂದೆ ಅಗಲವಾದ ಜಗುಲಿ, ಜಗುಲಿಯ ಕೆಳಗೆ ಸಾಲಾಗಿ ಬಿಟ್ಟ ಚಪ್ಪಲಿಗಳು. ಆ ಸಾಲಿನ ಮೇಲೆ, ಗೋಡೆಯ ಮೊಳೆಗೆ, ಚೈತ್ರಳ ಬೂಟು ನೇತಾಡುತ್ತಿತ್ತು. ಕಬ್ಬಿಣದ ಪಟ್ಟಿಯ ಮೇಲೆ ಜೇಡ ಬಲೆ ಕಟ್ಟಿತ್ತು. ನನ್ನ ರಕ್ತ ನೆತ್ತಿಗೇರಿತು.

"ಬಾ ನರ್ಸಮ್ಮ, ಕೂತ್ಕೋ. ಮಜ್ಜಿಗೆ ಕೊಡ್ಲಾ?" ಎಂದು ಪಿಳ್ಳಮ್ಮ ಒಳಗಿನಿಂದ ಬಂದಳು.

"ಮಜ್ಜಿಗೆ ಆಮೇಲೆ. ಮಗು ಕಾಲಲ್ಲಿ ಇರ್ಬೇಕಾದ್ದು ಇಲ್ಯಾಕೆ ನೇತಾಡ್ತಿದೆ?"

"ಮೆಟ್ಟು ಇನ್ನೆಲ್ಲಿಕ್ಕಾನ? ದೇವ್ರ ಗೂಡಲ್ಲಿಕ್ಕಾನ?"

ಆಗ ಒಂದೊಂದೇ ಹೊರಬಿತ್ತು. ಮೂರು ತಿಂಗಳು ಹಗಲೂ ರಾತ್ರಿ ಬೂಟು ಹಾಕಿದ್ದರು ಎಂದು ನಾನು ನಂಬಿದ್ದೆನಲ್ಲ, ಹಾಕಿದ್ದು ಜಗುಲಿಯ ಮೇಲೆ ಮಾತ್ರ, ಆಮೇಲಿನ ತಿಂಗಳುಗಳಲ್ಲೂ ಅಷ್ಟೆ. ಮಗುವನ್ನು ಒಳಗೆ ಎತ್ತಿಕೊಂಡು ಹೋಗುವಾಗ ಬಿಚ್ಚುವುದು, ಹೊರಗೆ ತಂದಾಗ ಹಾಕುವುದು. ಮೆಟ್ಟು ತೊಟ್ಟು ಯಾರೂ ಆ ಮನೆಯ ಹೊಸ್ತಿಲು ದಾಟುವಂತಿಲ್ಲ, ಕೂಸಾದರೂ ಸರಿ. ಒಳಗೆ ಮನೆದೇವರಿದೆ. ಶೋಭಾ ಹಗಲೆಲ್ಲ ಮಗುವಿನ ಜೊತೆ ಜಗುಲಿಯ ಮೇಲೇ ಇರುತ್ತಿದ್ದಳಂತೆ, ಆದಷ್ಟು ಹೊತ್ತು ಬೂಟು ಕಾಲಲ್ಲಿರಲಿ ಎಂದು. ನನ್ನ ಮನೆಯಲ್ಲೂ ಚಪ್ಪಲಿ ಹೊರಗೇ ಬಿಡುತ್ತೇವೆ. ಇಷ್ಟು ವರ್ಷ ಬೂಟು ಕೊಟ್ಟು ಕಳಿಸಿದ ನನಗೆ ಇದೊಂದು ತಲೆಗೆ ಹೊಳೆದಿರಲಿಲ್ಲ ನೋಡಿ.

"ಅದೂ ಹೋಗ್ಲಿ ಅಂದ್ರೆ," ಪಿಳ್ಳಮ್ಮ ಸೊಂಟಕ್ಕೆ ಕೈ ಇಟ್ಟಳು, "ವರ್ಷಕ್ಕೆ ನಡೀತಾಳೆ ಅಂದೋಳು ನೀನೇ ಅಲ್ವಾ? ಹುಟ್ಟಿದಬ್ಬಕ್ಕೆ ನೆಂಟ್ರೆಲ್ಲ ಬಂದಿದ್ರು. ನನ್ನ ತಂಗಿ ಮೊಮ್ಮಗ, ಇವಳಿಗಿಂತ ಇಪ್ಪತ್ತು ದಿನ ಚಿಕ್ಕೋನು, ಮನೆ ತುಂಬ ಓಡಾಡ್ತಾ ಅವ್ನೆ. ನಮ್ಮದು ಗೋಡೆಗೊರಗಿ ಕುಂತದೆ! ಎಲ್ರೂ ಅಂದ್ರು, ಪುಂಡು ಹಸೀಗೆ ದೊಣ್ಣೆ ಕಟ್ದಂಗೆ..." ಅಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಅದು ದಾಟುವವರೆಗೆ ಬಾಯಿ ತೆರೆದುಕೊಂಡೇ ನಿಂತಿದ್ದು, ಸದ್ದು ಅಡಗಿದ ಕೂಡಲೇ ಬಿಟ್ಟ ಕಡೆಯಿಂದ ಮುಂದುವರಿಸಿದಳು, "...ಕಟ್ಟಿದ್ರೆ ಎಲ್ಲಿ ನಡೀತದೆ ಅಂತ. ಅವತ್ತೇ ಬಿಚ್ಚಾಕ್ದೆ."

ಶೋಭಾ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಚೈತ್ರಳ ಪಾದ ಹಿಡಿದು ನೋಡಿದೆ. ಬಲಗಾಲು ಪರವಾಗಿಲ್ಲ. ಎಡಗಾಲು ಒಳಕ್ಕೆ ತಿರುಗಲು ಶುರುವಾಗಿತ್ತು, ಹಿಮ್ಮಡಿ ಮೇಲೇರುತ್ತಿತ್ತು. ಹೀಗೇ ಬಿಟ್ಟರೆ ಮಗು ಪಾದದ ಅಂಚಿನ ಮೇಲೆ ನಡೆಯಬೇಕು, ಇಲ್ಲವೇ ಆಪರೇಷನ್ನಿನ ಕತ್ತರಿಗೆ ಕಾಲು ಕೊಡಬೇಕು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ನಾನು ಹಾಗೇ ಮಾಡಿದೆ. ಪಿಳ್ಳಮ್ಮನನ್ನು ಬಿಟ್ಟು ಶೋಭಾಳ ಮೇಲೆ ಹಾರಿಬಿದ್ದೆ. "ಹೆತ್ತೋಳಾಗಿ ನಿಂಗಾದ್ರೂ ಬುದ್ಧಿ ಬೇಡ್ವೇನೇ? ಆರು ವಾರದ ಕೆಲಸ ಮಣ್ಣು ಮಾಡಿದ್ಯಲ್ಲ!" ಅವಳು ಮಗುವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ನಾನು ಮಜ್ಜಿಗೆ ಕುಡಿಯದೆ ಬಂದುಬಿಟ್ಟೆ.

ಮಾರನೇ ದಿನ ಡಾಕ್ಟರ್ ಮಾಲತಿಯ ಮುಂದೆ ಹಳ್ಳಿಯವರನ್ನೆಲ್ಲ ಬೈದು ನನ್ನ ವರದಿ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಸರೋಜಮ್ಮ, ವರ್ಷಕ್ಕೆ ನಡೀತಾಳೆ ಅಂತ ಯಾರು ಹೇಳಿದ್ದು?" ಎಂದರು.

"ನಾನೇ ಡಾಕ್ಟ್ರೇ."

"ನಮ್ಮ ಮಕ್ಕಳು ಸ್ವಲ್ಪ ತಡವಾಗಿ ನಡೀತವೆ. ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಂದೆ. ಕಾಲು ಅಷ್ಟು ದಿನ ಪ್ಲಾಸ್ಟರಲ್ಲಿತ್ತು, ಬೂಟಲ್ಲಿತ್ತು, ಹಿಮ್ಮಡಿ ನರ ಕೂಡಬೇಕಿತ್ತು. ಆಮೇಲೆ ಎಲ್ಲರ ಹಾಗೇ ಓಡ್ತವೆ. ಇದನ್ನ ಮೊದ್ಲೇ ಹೇಳಿದ್ರೆ ಆ ಅಜ್ಜಿ ಕಾಯ್ತಿದ್ರು. ನೀವು ಒಂದು ತಾರೀಖು ಕೊಟ್ರಿ. ಆ ತಾರೀಖಿಗೆ ನಡೀಲಿಲ್ಲ, ಬೂಟಿನ ಮೇಲೆ ತಪ್ಪು ಬಂತು."

ದನಿ ಏರಿಸಿ ಒಂದು ಮಾತು ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರವಾಗುತ್ತಿದ್ದೆ. ಅವರು ಬೈಯಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂಬ ಗಾದೆಯನ್ನು ನಮ್ಮಪ್ಪ ದಿನಕ್ಕೆ ಎರಡು ಸಲ ನನಗೆ ಹೇಳುತ್ತಿದ್ದರು, ಕಿವಿಗೆ ಹಾಕಿಕೊಂಡಿರಲಿಲ್ಲ. ನಾಲ್ಕು ದಿನ ನನ್ನೊಳಗೇ ಗುದ್ದಾಡಿದೆ. ಇಪ್ಪತ್ತು ವರ್ಷ ಸರ್ವೀಸಾದವಳು ಹೋಗಿ ಒಂದು ಮುದುಕಿಯ ಮುಂದೆ ತಪ್ಪಾಯಿತು ಅನ್ನಬೇಕೇ? ಐದನೇ ದಿನ ಆ ಎಡಗಾಲು ಕಣ್ಣ ಮುಂದೆ ಬಂತು. ಮತ್ತೆ ಅದೇ ಬಸ್ಸು ಹತ್ತಿದೆ.

ಜಗುಲಿಯ ಮೇಲೆ ಪಿಳ್ಳಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಈ ಸಲ ಬಾ ಎನ್ನಲಿಲ್ಲ. ನಾನೇ ಪಕ್ಕದಲ್ಲಿ ಕೂತೆ.

"ಪಿಳ್ಳಮ್ಮೋರೇ, ವರ್ಷಕ್ಕೆ ನಡೀತಾಳೆ ಅಂತ ನಾನು ಹೇಳಿದ್ದು ತಪ್ಪು. ಇಂಥ ಮಕ್ಕಳು ತಡವಾಗಿ ನಡೀತವೆ. ನನಗೆ ಗೊತ್ತಿಲ್ದೆ, ನಿಮ್ಮ ಸೊಸೆಗೆ ಧೈರ್ಯ ತುಂಬೋಣ ಅಂತ ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ನಡೀದೆ ಇದ್ದದ್ದಕ್ಕೆ ಬೂಟು ಕಾರಣ ಅಲ್ಲ. ನಿಮ್ಮ ಶೋಭನ ತಪ್ಪೂ ಅಲ್ಲ. ಅವತ್ತು ಅವಳಿಗೆ ಬೈದಿದ್ದೂ ನನ್ನ ತಪ್ಪೇ."

ಪಿಳ್ಳಮ್ಮ ಸುಣ್ಣ ಹಚ್ಚುವುದನ್ನು ನಿಲ್ಲಿಸಿದಳು. ಆಮೇಲೆ, "ಭೂಮಿ ಅಳೆಯೋರು ಬಂದ್ರು, ರಸ್ತೆಯೋರು ಬಂದ್ರು, ಕರೆಂಟಿನೋರು ಬಂದ್ರು. ತಪ್ಪಾಯ್ತು ಅಂತ ಈ ಬಾಗ್ಲಿಗೆ ಬಂದಿದ್ದು ನೀನೊಬ್ಬಳೇ ಕಣವ್ವ" ಎಂದು ಆ ಎಲೆಯನ್ನು ನನ್ನ ಕೈಗಿಟ್ಟಳು. ನಾನು ಎಲೆಯಡಿಕೆ ಹಾಕುವವಳಲ್ಲ. ಅವತ್ತು ಹಾಕಿಕೊಂಡೆ.

"ಹಂಗಾರೆ ನಡೀತಾಳಾ?" ಎಂದು ಕೇಳಿದಳು. ಬಾಗಿಲ ಹಿಂದೆ ಶೋಭಾ ನಿಂತಿರುವುದು ನನಗೆ ಗೊತ್ತಿತ್ತು.

"ಎಡಗಾಲು ಮತ್ತೆ ಸರಿ ಮಾಡಿಸಿದ್ರೆ ನಡೀತಾಳೆ. ಯಾವಾಗ ಅಂತ ಮಾತ್ರ ಕೇಳ್ಬೇಡಿ. ಇನ್ನೂ ತಡ ಆಗ್ಬಹುದು."

"ಬುಧವಾರ ಬತ್ತೀವಿ" ಎಂದಳು ಪಿಳ್ಳಮ್ಮ.

ಬಂದರು. ವರ್ಷ ದಾಟಿದ ಮಗುವಿಗೆ ಪ್ಲಾಸ್ಟರ್ ಹಾಕುವುದು ಹುಡುಗಾಟವಲ್ಲ. ಒದೆಯುತ್ತದೆ, ಕಚ್ಚುತ್ತದೆ, ಬಕೆಟ್ಟು ಉರುಳಿಸುತ್ತದೆ. ಪಿಳ್ಳಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸೋಬಾನೆ ಪದ ಹೇಳುತ್ತಿದ್ದಳು. ಮಗು ಅಜ್ಜಿಯ ಬಾಯಿಯನ್ನೇ ನೋಡುತ್ತ ಕಾಲು ಮರೆಯುತ್ತಿತ್ತು. ನಾಲ್ಕು ಬುಧವಾರಕ್ಕೆ ಎಡಪಾದ ನೇರವಾಯಿತು. ಕಾಲು ಬೆಳೆದಿದ್ದರಿಂದ ಹೊಸ ಅಳತೆಯ ಬೂಟು ತರಿಸಿದೆವು. ಆದರೆ ಹೊಸ್ತಿಲ ಮಾತು ಹಾಗೇ ಉಳಿದಿತ್ತು. ಪಿಳ್ಳಮ್ಮ ಆಸ್ಪತ್ರೆಯನ್ನು ನಂಬಿದ್ದಳು, ಆದರೆ ಮೆಟ್ಟು ಮೆಟ್ಟೇ ತಾನೇ? ಅವಳ ದೇವರ ವಿಷಯದಲ್ಲಿ ಬಾಯಿ ಹಾಕಲು ನಾನು ಯಾರು?

ಬೂಟು ತೊಡಿಸುವ ಬುಧವಾರ ಆಯುಧಪೂಜೆಯ ಹಿಂದಿನ ದಿನ ಬಂತು. ರಜೆಗೆ ಮುಂಚೆ ನಾವು ರೂಮು ತೊಳೆದು ಪೂಜೆ ಮಾಡುವುದು ವಾಡಿಕೆ. ಕತ್ತರಿ, ಪ್ಲಾಸ್ಟರ್ ಕೊಯ್ಯುವ ಯಂತ್ರ, ಬಕೆಟ್ಟು ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿ, ನಮ್ಮ ಆಯಾ ಒಂದು ಕಡೆಯಿಂದ ಅರಿಶಿನ ಕುಂಕುಮ ಇಟ್ಟು ಚೆಂಡುಹೂವು ಏರಿಸಿಕೊಂಡು ಹೋಗಿದ್ದಳು. ಚೈತ್ರಳ ಹೊಸ ಬೂಟೂ ಅದೇ ಮೇಜಿನ ಮೇಲಿತ್ತು. ಅದಕ್ಕೂ ಕುಂಕುಮ ಬಿದ್ದಿತ್ತು. ಪೂಜೆ ಎಂದು ನೋಡಿ ಪಿಳ್ಳಮ್ಮ ಚಪ್ಪಲಿಯನ್ನು ಹೊರಗೇ ಬಿಟ್ಟು ಒಳಗೆ ಬಂದು ಕೈ ಮುಗಿದಳು. ಮುಗಿದ ಕೈ ಹಾಗೇ ನಿಂತಿತು.

"ಇದುಕ್ಕೂ ಪೂಜೆನಾ ನರ್ಸಮ್ಮ?"

ಅಯ್ಯೋ ಶಿವನೇ, ಇವತ್ತು ಕೆಟ್ಟೆವು ಎಂದುಕೊಂಡೆ. "ಅದೂ ನಮ್ಮ ಸಾಮಾನೇ ಅಲ್ವಾ..." ಎಂದು ತೊದಲಿದೆ.

ಅವಳು ಬೂಟನ್ನು ಕೈಗೆತ್ತಿಕೊಂಡಳು. ಮಗುಚಿ ಅಟ್ಟೆ ನೋಡಿದಳು. ಹೆಬ್ಬೆರಳಲ್ಲಿ ಉಜ್ಜಿ ನೋಡಿದಳು. ಒಂದು ಚೂರು ಮಣ್ಣಿಲ್ಲ. ಎರಡು ಅಟ್ಟೆಯೂ ಅಂಗಡಿಯಿಂದ ಬಂದ ಹಾಗೇ ಇದ್ದವು.

"ನನ್ನ ಮಗ ಗಾಡಿ ಚಕ್ರಕ್ಕೆ ನಿಂಬೆಹಣ್ಣಿಕ್ಕಿ ಪೂಜೆ ಮಾಡ್ತಾನೆ" ಎಂದಳು, ನನಗಲ್ಲ, ತನಗೇ ಹೇಳಿಕೊಳ್ಳುವ ಹಾಗೆ. "ಅದು ಬೀದೀಲಿರೋದೆಲ್ಲ ತುಳ್ಕಂಡು ಬತ್ತದೆ. ಇದು ನೆಲಾನೇ ಮುಟ್ಟಿಲ್ಲ. ಇದನ್ನ ಹಾಕ್ಕಂಡು ಮಗು ನಡಿಯೋ ಹಂಗೂ ಇಲ್ಲ. ನೆಲ ಮುಟ್ದೇ ಇರೋದು ಮೆಟ್ಟು ಹೆಂಗಾದದು?"

ನನ್ನ ಸರ್ವೀಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದ ಸಂದರ್ಭಗಳು ಕಡಿಮೆ. ಅದೊಂದು. ಪಿಳ್ಳಮ್ಮ ಬೂಟನ್ನು ಸೊಸೆಯ ಕೈಗೆ ಕೊಟ್ಟು, "ಶೋಭಾ, ಇದನ್ನ ಹೊರಗೆ ನೇತಾಕ್ಬ್ಯಾಡ. ಒಳಗೆ ಬಟ್ಟೆ ಜೊತೆ ಇಕ್ಕು. ಕೆಳಗಿಡ್ಬ್ಯಾಡ" ಎಂದಳು. ಶೋಭಾ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳ ಕಣ್ಣು ತುಂಬಿಕೊಂಡಿತು. ಮೊದಲ ಬೂಟಿನ ಅಟ್ಟೆಯೂ ಇಷ್ಟೇ ಚೊಕ್ಕಟವಾಗಿತ್ತು, ಮಗುಚಿ ತೋರಿಸುವ ಬುದ್ಧಿ ನಮಗೆ ಇರಲಿಲ್ಲ. ಆಮೇಲೆ ನಾನು ಯಾರಿಗೇ ಬೂಟು ಕೊಡಲಿ, ಮೊದಲು ಅಟ್ಟೆ ತೋರಿಸಿ, "ಇದು ನೆಲ ಮುಟ್ಟಲ್ಲ, ಮನೆಯೊಳಗೇ ಇರಬೇಕು" ಎನ್ನುತ್ತಿದ್ದೆ. ಅದನ್ನು ಕಲಿಸಿದ್ದು ಪಿಳ್ಳಮ್ಮ. ನೀವೂ ಹಾಗೇ ಮಾಡಿ.

ಮಲಗಿದಾಗಲೆಲ್ಲ ಬೂಟು, ಎದ್ದಿರುವಾಗ ಬಿಚ್ಚಿ ನಿಲ್ಲಲು ಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹಬ್ಬ ಕಳೆಯಿತು, ದೀಪಾವಳಿ ಕಳೆಯಿತು. ಚೈತ್ರ ಗೋಡೆ ಹಿಡಿದು ನಿಂತಳು, ಮಂಚ ಹಿಡಿದು ಸರಿದಳು, ಕೈ ಬಿಡಲಿಲ್ಲ. ಹದಿನೇಳು ತಿಂಗಳಾಯಿತು, ಹದಿನೆಂಟಾಯಿತು. ಶೋಭಾ ಪ್ರತಿ ತಪಾಸಣೆಗೂ ಬಂದು ಏನೂ ಕೇಳದೆ ನನ್ನ ಮುಖ ನೋಡುತ್ತಿದ್ದಳು. ಪಕ್ಕದ ಮನೆಯವರು ಏನೇನು ಅನ್ನುತ್ತಿದ್ದಾರೆಂದು ಊಹಿಸಬಲ್ಲೆ. ನಾನು ಮತ್ತೆ ಸುಳ್ಳು ಹೇಳಿದೆನೇನೋ ಎಂದು ನನಗೂ ಭಯ ಹತ್ತಿತು. ಡಾಕ್ಟರ್ ಮಾಲತಿ ಮಗುವಿನ ಸೊಂಟ, ಬೆನ್ನು, ಮಂಡಿ ಎಲ್ಲ ಪರೀಕ್ಷಿಸಿ, ಬೇರೆ ಯಾವ ತೊಂದರೆಯೂ ಇಲ್ಲ, ಕಾಯಿರಿ ಎಂದರು. ಕಾಯುವ ಕೆಲಸದಷ್ಟು ಕಷ್ಟದ್ದು ಆಸ್ಪತ್ರೆಯಲ್ಲಿ ಇನ್ನೊಂದಿಲ್ಲ.

ಅವರೆಕಾಯಿ ಕಾಲ. ಒಂದು ಬೆಳಿಗ್ಗೆ ಪಿಳ್ಳಮ್ಮನ ಫೋನು. "ನರ್ಸಮ್ಮ, ಭಾನುವಾರ ಊಟಕ್ಕೆ ಬಾ." ಯಾಕೆ ಎಂದರೆ, "ಊಟಕ್ಕೆ ಯಾಕೆ ಅಂತ ಯಾರಾದ್ರೂ ಕೇಳ್ತಾರಾ?" ಎಂದು ಇಟ್ಟುಬಿಟ್ಟಳು.

ಹೋದೆ. ಮನೆಯೊಳಗೆ ನೆಂಟರು, ನಡುಮನೆಯಲ್ಲಿ ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ಶೋಭಾ ಚೈತ್ರಳನ್ನು ಗೋಡೆಯ ಹತ್ತಿರ ನಿಲ್ಲಿಸಿ ಕೈ ಬಿಟ್ಟಳು. ಮಗು ಒಂದು ಗಳಿಗೆ ಓಲಾಡಿತು. ಆಮೇಲೆ ಬರಿಗಾಲಲ್ಲಿ, ಎರಡೂ ಅಂಗಾಲು ಪೂರ್ತಿ ನೆಲಕ್ಕೂರಿ, ಅವರೆಕಾಯಿ ರಾಶಿಯ ಕಡೆಗೆ ಹೊರಟಿತು. ಐದು, ಆರು, ಏಳು ಹೆಜ್ಜೆ. ಧೊಪ್ಪನೆ ಕೂತಿತು. ಯಾರೂ ಎತ್ತಲಿಲ್ಲ. ತಾನೇ ಎದ್ದು, ರಾಶಿಗೆ ಕೈ ಹಾಕಿ, ಒಂದು ಕಾಯಿ ಹಿಡಿದು ತಿರುಗಿ ನೋಡಿತು. ನಾನು ಅತ್ತುಬಿಟ್ಟೆ. ನೆಂಟರ ಮುಂದೆ, ಸೆರಗು ಬಾಯಿಗಿಟ್ಟುಕೊಂಡು, ಹೋ ಎಂದು ಅತ್ತೆ. ಶೋಭಾ ಬಂದು ನನ್ನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಅವಳು ಬಾಯ್ತುಂಬ ನಗುವುದನ್ನು ನಾನು ನೋಡಿದ್ದು ಅದೇ ಮೊದಲು.

ಮುದ್ದೆ, ಹಿತ್ಕಿದ ಬೇಳೆ ಸಾರು, ಕಜ್ಜಾಯ. ಊಟ ಮುಗಿಯುವ ಹೊತ್ತಿಗೆ ಚೈತ್ರ ನಡೆದು ನಡೆದು ಸುಸ್ತಾಗಿ ಅಜ್ಜಿಯ ತೊಡೆಯ ಮೇಲೆ ನಿದ್ದೆಹೋದಳು. ಪಿಳ್ಳಮ್ಮ ಬಟ್ಟೆಯ ಗೂಡಿಗೆ ಕೈ ಚಾಚಿ ಬೂಟು ತೆಗೆದುಕೊಂಡಳು. ಮುನಿರಾಜು, "ಅವ್ವ, ಇವತ್ತೊಂದಿನ ಬಿಡವ್ವ. ನಡೆದಾಯ್ತಲ್ಲ" ಎಂದ. ನೆಂಟರೂ ಹೌದು ಹೌದು ಎಂದರು. ನಾನು ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ಪಿಳ್ಳಮ್ಮ ನನಗಿಂತ ಮುಂದಿದ್ದಳು. "ನಡೆದವ್ಳೆ ಅಂತ್ಲೇ ಹಾಕ್ತಿರೋದು ಕಣ್ಲಾ. ನಾಲ್ಕು ವರ್ಷ ಅಂದವ್ರೆ. ನಾಲ್ಕು ವರ್ಷ ಅಂದ್ರೆ ನಾಲ್ಕು ವರ್ಷ" ಎಂದು ಒಂದೊಂದೇ ಬಕಲ್ಲು ಬಿಗಿದಳು. ಆಮೇಲೆ ಮಗು ಏಳದ ಹಾಗೆ ಆ ಎರಡು ಕಾಲನ್ನು ನನ್ನ ಕಡೆ ತಿರುಗಿಸಿ, ದನಿ ತಗ್ಗಿಸಿ ಕೇಳಿದಳು, "ಹಿಮ್ಮಡಿ ಸರ್ಯಾಗಿ ಕುಂತದಾ ನೋಡವ್ವ."

ನಾನು ಬಗ್ಗಿ, ಬೂಟಿನ ಹಿಂದಿನ ಸಂದಿನಲ್ಲಿ ಬೆರಳಿಟ್ಟು ನೋಡಿದೆ. ಸರಿಯಾಗಿ ಕೂತಿತ್ತು.